ಗೂಬೆಯ ಹೆಸರು

ಆಡುವುದಿಲ್ಲವೆಂದು ನಿಕಾನೋರ್ ಬೆಳಿಗ್ಗೆಯಷ್ಟೇ ಮಾತು ಕೊಟ್ಟಿದ್ದ. ಆದರೂ ಕುಸ್ತಿ ಅಖಾಡದ ದೀಪಗಳೆಲ್ಲ ಆರಿ, ತುತ್ತೂರಿಯ ಹಾಡು ಮೊಳಗಿ, ಹೆಸರು ಕೂಗುವವನು ಉಸಿರು ಎಳೆದೆಳೆದು “ತೆಕೊಲೋ...ತೆ!” ಎಂದಾಗ, ಜನರ ನಡುವಿನ ಓಣಿಯಲ್ಲಿ ಬೂದು ಮುಖವಾಡ ತೊಟ್ಟ ಗೂಬೆ ಇಳಿದು ಬಂದೇಬಿಟ್ಟಿತು. ಮೇಲಿನ ಗ್ಯಾಲರಿಯ ಕಂಬಕ್ಕೆ ಒರಗಿ ಕೂತಿದ್ದ ಸೆನಾಯ್ದಾ ಎದ್ದು ನಿಲ್ಲಹೋಗಿ ಮತ್ತೆ ಕುಳಿತಳು. ಮಡಿಲಲ್ಲಿದ್ದ ಖಾರದ ಕಡಲೆಬೀಜ ನೆಲಕ್ಕೆ ಚೆಲ್ಲಿತು.

ಆ ಮುಖವಾಡವನ್ನು ಹೊಲಿದವಳು ಅವಳೇ. ಕಣ್ಣಿನ ಸುತ್ತ ಹಳದಿ ಬಳೆ, ಹಣೆಯ ಮೇಲೆ ತೊಗಲಿನ ಎರಡು ಕಿವಿಗರಿ, ಹಿಂದೆ ಬಿಗಿಯಲು ದಾರ. ಹಗಲೆಲ್ಲ ಶಾಲೆಯಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿ ಬಂದು, ಸಂಜೆ ಹೊಲಿಗೆಯಂತ್ರದ ಮುಂದೆ ಗಂಡನ ಮುಖ ಹೊಲಿಯುವುದು ಮದುವೆಯಾದಂದಿನಿಂದ ನಡೆದು ಬಂದದ್ದು. ನಿಕಾನೋರ್ ತನ್ನ ತಲೆಯ ಅಳತೆಯನ್ನು ಬೇರೆ ಯಾರ ಕೈಗೂ ಕೊಟ್ಟವನಲ್ಲ. ಅಪಿಸಾಕೊ ಊರಿನಲ್ಲಿ ತೆಕೊಲೊತೆ ಎಂಬ ಗೂಬೆಯನ್ನು ಅರಿಯದವರಿಲ್ಲ. ಆದರೆ ಗಾರೆ ಕೆಲಸದ ನಿಕಾನೋರ್ ಕುವಾಪಿಯೊನೇ ಆ ಗೂಬೆ ಎಂಬುದು ಕುಸ್ತಿ ನಡೆಸುವ ದೋನ್ ಅರ್ನುಲ್ಫೊಗೆ, ಅವಳಿಗೆ, ಹಿತ್ತಲ ಕೋಣೆಯಲ್ಲಿರುವ ಮೈದುನ ರುತೀಲಿಯೊಗೆ ಬಿಟ್ಟು ಇನ್ನೊಬ್ಬರಿಗೆ ತಿಳಿಯದು. ಅವರಿದ್ದ ಕೊಂತ್ಲಾದಲ್ಲಿ ಪಕ್ಕದ ಮನೆಯವರು ಅವನ ಬೆನ್ನಿನ ಬಾಸುಂಡೆ ಕಂಡು, ಏಣಿಯಿಂದ ಬಿದ್ದನೆಂದೇ ನಂಬಿದ್ದರು. ಎಷ್ಟು ಸಲ ಬೀಳ್ತಾನಪ್ಪ ಇವನು, ಕುಡೀತಾನೇನೋ ಎಂದೂ ಮಾತಾಡಿಕೊಂಡಿದ್ದರು.

ಅಖಾಡದ ಬಾಗಿಲು ದಾಟಿದ ಮೇಲೆ ಗಂಡ ಗಂಡನಲ್ಲ. ಹೆಸರು ಹಿಡಿದು ಕರೆಯುವಂತಿಲ್ಲ. ಬಟ್ಟೆ ಬದಲಾಯಿಸುವ ಕೋಣೆಯ ಕಡೆ ಸುಳಿಯುವಂತಿಲ್ಲ. ಅವನು ಬಿದ್ದಾಗ ಉಳಿದವರು ಎಷ್ಟು ಕಿರುಚುತ್ತಾರೋ ಅಷ್ಟೇ ಕಿರುಚಬೇಕು, ಹೆಚ್ಚಲ್ಲ. ಅದಕ್ಕೇ ಅವಳು ಯಾವಾಗಲೂ ಈ ಕಂಬದ ಬುಡದಲ್ಲೇ, ಯಾರ ಕಡೆಯವಳೂ ಅಲ್ಲದ ಹಾಗೆ ಕೂರುತ್ತಿದ್ದಳು. ಅವನು ಆಟದ ನಡುವೆ ಒಂದೇ ಒಂದು ಸಲ ಕಂಬದ ಕಡೆ ತಿರುಗಿ ಎಡಗಿವಿಯ ಗರಿಯನ್ನು ಕೆರೆದುಕೊಳ್ಳುತ್ತಿದ್ದ. ‘ಚೆನ್ನಾಗಿದ್ದೀನಿ’ ಎಂದು ಅದರ ಅರ್ಥ. ಅದು ಅವರಿಬ್ಬರ ಗುಟ್ಟು.

ಈ ಚಳಿಗಾಲದಲ್ಲಿ ನಿಕಾನೋರ್‌ನ ಬಲಗೈಯಿಂದ ಕಾಫಿ ಬಟ್ಟಲು ಜಾರಿ ಬಿತ್ತು. ಮರುವಾರ ಕರಣೆ ಜಾರಿತು. ವೈದ್ಯರು ಚಿತ್ರ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು, ಅವನ ಬದಲು ಅವಳ ಕಡೆ ನೋಡಿಯೇ ಹೇಳಿದ್ದರು: ಕುತ್ತಿಗೆಯ ಮೂಳೆ ಸವೆದಿದೆ, ಇನ್ನೊಂದು ಸಲ ತಲೆಯ ಮೇಲೆ ಬಿದ್ದರೆ ಕತ್ತಿನಿಂದ ಕೆಳಗೆ ಏನೂ ಅಲ್ಲಾಡಲಿಕ್ಕಿಲ್ಲ. ಜೀವಶಾಸ್ತ್ರ ಓದಿದವಳಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಆದರೆ ಅಷ್ಟರಲ್ಲಾಗಲೇ ಊರ ಗೋಡೆಗಳ ಮೇಲೆಲ್ಲ ಭಿತ್ತಿಪತ್ರ ಬಿದ್ದಿತ್ತು. ತೆಕೊಲೊತೆಗೂ ಇದ್ದಿಲುಗಾರನೆಂಬ ಕುಸ್ತಿಯವನಿಗೂ, ಮುಖವಾಡಕ್ಕೆ ಮುಖವಾಡ ಪಣ. ಸೋತವನು ಎಲ್ಲರ ಎದುರು ಮುಖ ಬಿಚ್ಚಬೇಕು. ಬಾರದೆ ಉಳಿದವನು ಹೇಡಿ, ಅವನ ಮುಖವಾಡಕ್ಕೆ ಆಮೇಲೆ ಬೆಲೆಯಿಲ್ಲ.

“ದೋನ್ ಅರ್ನುಲ್ಫೊಗೆ ಹೇಳಿ ಬರ್ತೀನಿ ಮುದುಕಿ, ನಾನು ಆಡಲ್ಲ,” ಎಂದಿದ್ದ ಬೆಳಿಗ್ಗೆ. ಮದುವೆಯಾದ ವರ್ಷದಿಂದಲೂ ಅವರು ಒಬ್ಬರನ್ನೊಬ್ಬರು ಮುದುಕ, ಮುದುಕಿ ಎಂದೇ ಕರೆಯುವುದು.

“ಹೇಳೋಕೆ ಹೋಗೋನಿಗೆ ಮುಖವಾಡದ ಚೀಲ ಯಾಕೆ?”

“ಚೀಲ ಇಲ್ಲದೆ ಹೋದ್ರೆ ಹಿಂದಿನ ಬಾಗಿಲಲ್ಲಿ ಒಳಗೇ ಬಿಡಲ್ಲ ಕಣೇ.”

ಆಗ ಅದು ಸರಿಯೆನಿಸಿತ್ತು. ಅವನು ಹೋದ ಮೇಲೆ ಚೀಲದ ಮಾತೇ ತಲೆಯಲ್ಲಿ ಕೊರೆಯಲು ಹಿಡಿದು, ಹುರುಳಿ ಬೇಯುತ್ತಿದ್ದ ಒಲೆ ಆರಿಸಿ, ಶಾಲು ಹೊದ್ದು ಬಂದುಬಿಟ್ಟಿದ್ದಳು. ಬಂದದ್ದೇ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ. ಈಗ ಗೂಬೆ ಅಖಾಡದ ಅಂಚಿಗೆ ಬಂದು, ಸುತ್ತ ಬಿಗಿದ ಹಗ್ಗ ಹಿಡಿದು, ಬಲಗಾಲಿಟ್ಟು ಒಳಗೆ ದಾಟಿತು.

ಬಲಗಾಲು.

ಸೆನಾಯ್ದಾ ಕಣ್ಣು ಕಿರಿದು ಮಾಡಿದಳು. ನಿಕಾನೋರ್‌ನ ಬಲಮಂಡಿ ಒಮ್ಮೆ ತಿರುಚಿದಾಗಿನಿಂದ ಅವನು ಎಡಗಾಲೇ ಮೊದಲಿಡುವುದು, ಬಸ್ಸಿಗಾಗಲಿ ಹಗ್ಗಕ್ಕಾಗಲಿ. ಮರೆತನೇ? ಕಾಲು ಮರೆಯುತ್ತದೆಯೇ? ಅಥವಾ ಕೈಯಂತೆ ಕಾಲೂ ಮರಗಟ್ಟಿತೇ?

“ಏ ಗೂಬೆ! ಬಿಸಿಲು ಹೋಗ್ಲಿ ಅಂತ ಕಾಯ್ತಾ ಇದ್ಯೇನೋ? ಬೇಗ ಬಾರೋ!” ಎಂದು ಪಕ್ಕದಲ್ಲಿದ್ದ ಮುದುಕಿ ಕೂಗಿದಳು. ದೋನ್ಯಾ ಪೋಲಿ ಎಂದು ಗ್ಯಾಲರಿಯಲ್ಲಿ ಎಲ್ಲರೂ ಕರೆಯುತ್ತಿದ್ದ ಈಕೆ ಯಾವ ಭಾನುವಾರವನ್ನೂ ತಪ್ಪಿಸಿದವಳಲ್ಲ. ಕುಸ್ತಿಯಲ್ಲಿ ದುಷ್ಟನ ಪಾತ್ರ ಕಟ್ಟುವವರದೇ ಸದಾ ಅವಳ ಪಕ್ಷ. ಸೆನಾಯ್ದಾಳ ಕಡೆ ಕುಂಬಳಬೀಜದ ಚೀಲ ಚಾಚಿದಳು. “ತಗೋ ಮಗಳೇ. ನಿಂದೆಲ್ಲ ನೆಲಕ್ಕೆ ಹಾಕ್ಕೊಂಡ್ಯಲ್ಲ. ಹೆದರ್ಕೊಂಡ್ಯಾ? ಹೆದರೋಕೆ ಇನ್ನೂ ಟೈಮಿದೆ, ಇದ್ದಿಲು ಬರ್ಲಿ.”

ಇದ್ದಿಲುಗಾರ ಬಂದ. ಕಪ್ಪು ಮುಖವಾಡ, ಬಾಯಿಯ ಸುತ್ತ ಕೆಂಡದ ಕೆಂಪು, ಎಮ್ಮೆಯ ಬೆನ್ನು. ಬಂದವನೇ ಅಂಚಿನಲ್ಲಿ ಕೂತಿದ್ದವನೊಬ್ಬನ ಬಿಯರ್ ಕಸಿದು ಗೂಬೆಯ ಮೇಲೆ ಎರಚಿದ. ಇಡೀ ಚಾವಣಿ ಹಾರಿಹೋಗುವಂತೆ ಜನ ಬೈದರು. ದೋನ್ಯಾ ಪೋಲಿ ಆನಂದದಿಂದ ಚಪ್ಪಾಳೆ ತಟ್ಟಿದಳು.

“ಸ್ನಾನ ಮಾಡ್ಸು ಅವನಿಗೆ! ಅವರವ್ವ ಮಾಡ್ಸಿಲ್ಲ!”

“ಸುಮ್ನಿರಜ್ಜಿ, ನಿನ್ನ ಇದ್ದಿಲು ಇವತ್ತು ಬೂದಿ ಆಗ್ತಾನೆ!” ಎಂದು ಹಿಂದಿನಿಂದ ಯಾವನೋ ಗಂಡಸು.

“ನಿನ್ನ ಹೆಂಡ್ತಿ ಒಲೇಲಿ ಬೂದಿ ಮಾಡ್ಸು ಹೋಗಪ್ಪ, ಬೇಯಿಸೋಕೆ ಬರಲ್ವಂತೆ ಅವಳಿಗೆ.”

ಸುತ್ತ ನಗು. ಸೆನಾಯ್ದಾಳಿಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಅವಳು ಬೂದು ಮೈಯ ಒಂದೊಂದು ಕೀಲನ್ನೂ ನೋಡುತ್ತಿದ್ದಳು. ಭುಜ ಅವನದೇ. ನಿಂತಾಗ ಹೊಟ್ಟೆ ಒಳಗೆಳೆದುಕೊಳ್ಳುವ ರೀತಿ ಅವನದೇ. ಆದರೆ ಮೊದಲ ಪಟ್ಟಿಗೆ ಸಿಕ್ಕಿದಾಗ ಬಲಗೈಯಿಂದ ಎದುರಾಳಿಯ ಮಣಿಕಟ್ಟು ಹಿಡಿದು ತಿರುವಿದನಲ್ಲ, ಆ ಬಿಗಿ? ಆ ಕೈ ನಿನ್ನೆ ರಾತ್ರಿ ಅಂಗಿಯ ಗುಂಡಿ ಹಾಕಲಾರದೆ ಸೋತಾಗ ಅವಳೇ ಹಾಕಿದ್ದಳು. ಒಂದು ರಾತ್ರಿಯಲ್ಲಿ ಕೈಗೆ ಜೀವ ಬರುವುದುಂಟೇ?

ಮೊದಲ ಸುತ್ತು ಗೂಬೆ ಗೆದ್ದಿತು. ಮೂರು ಸುತ್ತಿನಲ್ಲಿ ಎರಡು ಗೆದ್ದವನದು ಆಟ. ಜನ ಕುಣಿದರು. ಸೆನಾಯ್ದಾಳಿಗೆ ಮಾತ್ರ ತಾನು ಯಾರಿಗಾಗಿ ಹೆದರಬೇಕು ಎಂಬುದೇ ತಿಳಿಯದಾಯಿತು. ಒಳಗಿರುವವನು ನಿಕಾನೋರ್ ಆಗಿದ್ದರೆ ಅವನು ತನಗೆ ಸುಳ್ಳು ಹೇಳಿದ. ಅದು ಸಾಲದೆಂದು ಸಾವಿನ ಬಾಯಿಗೆ ಕತ್ತು ಕೊಟ್ಟು ಕುಣಿಯುತ್ತಿದ್ದಾನೆ. ಅವನಲ್ಲದಿದ್ದರೆ ತನ್ನ ಕೈಹೊಲಿಗೆಯ ಮುಖ ಇನ್ನೊಬ್ಬನ ತಲೆಗೆ ಹೇಗೆ ಹೋಯಿತು? ಅವನೆಲ್ಲಿ? ಎಲ್ಲಾದರೂ ಬಿದ್ದಿದ್ದಾನೆಯೇ? ಇಳಿದು ಹೋಗಿ ಯಾರನ್ನಾದರೂ ಕೇಳೋಣವೆಂದರೆ ಏನೆಂದು ಕೇಳುವುದು? ‘ಆ ಗೂಬೆ ನನ್ನ ಗಂಡನೇ ನೋಡಿ ಹೇಳಿ’ ಎಂದೇ? ಬಾಯಿ ತೆರೆದರೆ ಅವನು ಇಷ್ಟು ವರ್ಷ ಕಾಪಾಡಿದ್ದೆಲ್ಲ ಒಂದು ಮಾತಿನಲ್ಲಿ ಮುಗಿಯುತ್ತದೆ.

ಎರಡನೆಯ ಸುತ್ತಿನಲ್ಲಿ ಇದ್ದಿಲುಗಾರ ಮುಖವಾಡದ ದಾರಕ್ಕೇ ಕೈ ಹಾಕಿದ. ಹೊಲಿಗೆ ಬಿಟ್ಟಿತು. ಹಣೆಯ ಬಳಿ ಬೂದು ಬಟ್ಟೆ ಹರಿದು, ಒಳಗಿಂದ ಒಂದು ಹಿಡಿ ಕೂದಲು ಇಣುಕಿತು. ಕಪ್ಪು ಕೂದಲು. ನಿಕಾನೋರ್‌ನ ಮುಂದಲೆ ನೆರೆತಿತ್ತು. ಆದರೆ ಬೆವರಿಗೆ ಒದ್ದೆಯಾದ ಕೂದಲು ಯಾರದಾದರೂ ಕಪ್ಪಾಗಿಯೇ ಕಾಣುವುದಿಲ್ಲವೇ? ದೀಪದ ಬಣ್ಣ ಬೇರೆ ಕ್ಷಣಕ್ಕೊಂದಾಗುತ್ತಿತ್ತು. ಅವಳು ಕಣ್ಣುಜ್ಜಿಕೊಂಡಳು.

“ಕಣ್ಣಿಗೇನಾಯ್ತು ಮಗಳೇ?”

“ಆ ಗೂಬೆ... ಇವತ್ತು ಬೇರೆ ಥರ ಕಾಣಲ್ವಾ ಅಜ್ಜಿ?”

“ಎಲ್ಲಾ ಗೂಬೆನೂ ಒಂದೇ ಥರ. ರೆಕ್ಕೆ ಮುರಿದ್ರೆ ಎಲ್ಲಾ ಕೋಳಿ.” ಪೋಲಿ ಸಿಪ್ಪೆ ಉಗಿದು, ಸ್ವಲ್ಪ ಹೊತ್ತು ನೋಡಿದಳು. “ಇವತ್ತು ಚುರುಕಾಗಿದಾನೆ ಅಷ್ಟೆ. ಹೊಸದಾಗಿ ಯಾವಳನ್ನಾದ್ರೂ ಇಟ್ಕೊಂಡಿರ್ಬೇಕು.”

ಆ ಸುತ್ತು ಗೂಬೆ ಸೋತಿತು. ಈಗ ಉಳಿದದ್ದು ಒಂದೇ. ಗೂಬೆ ಮೂಲೆಯಲ್ಲಿ ಹಗ್ಗಕ್ಕೆ ಒರಗಿ ಏದುಸಿರು ಬಿಡುತ್ತ, ಹರಿದ ಬಟ್ಟೆಯನ್ನು ಹಣೆಗೆ ಒತ್ತಿಕೊಂಡಿತು. ಆಮೇಲೆ ನಿಧಾನವಾಗಿ ಕಂಬದ ಕಡೆ ತಲೆಯೆತ್ತಿ, ಎಡಗಿವಿಯ ಗರಿಯನ್ನು ಕೆರೆದುಕೊಂಡಿತು.

ಸೆನಾಯ್ದಾ ಕಂಬಕ್ಕೆ ಕೈಕೊಟ್ಟು ಮುಂದೆ ಬಾಗಿದಳು. ಇನ್ನೇನು ಬೇಕು? ಕಾಲು ಸುಳ್ಳು ಹೇಳಬಹುದು, ಕೂದಲು ಸುಳ್ಳು ಹೇಳಬಹುದು. ಇದನ್ನು ಬಲ್ಲವನು ಭೂಮಿಯ ಮೇಲೆ ಒಬ್ಬನೇ. ಅವನೇ. ಮುಠ್ಠಾಳ, ಹಟಮಾರಿ, ಮಾತು ತಪ್ಪಿದವನು, ಅವನೇ. ಬಲಗೈ ಹೇಗೋ ಸರಿಹೋಗಿದೆ, ಸೂಜಿ ಚುಚ್ಚಿಸಿಕೊಂಡಿರಬೇಕು. ನೋವು ಗೊತ್ತಾಗದ ಮದ್ದು ಏನೋ ಹಾಕಿಸಿಕೊಂಡಿರಬೇಕು. ಹಾಗಾದರೆ ಅದು ಇನ್ನೂ ಅಪಾಯ. ಅವಳ ಕಣ್ಣ ಮುಂದೆ ವೈದ್ಯರು ಬೆಳಕಿಗೆ ಹಿಡಿದ ಚಿತ್ರ ಬಂತು, ಒಂದರ ಮೇಲೊಂದು ಪೇರಿಸಿದ ಬಟ್ಟಲುಗಳಂಥ ಮೂಳೆಗಳು.

ಮೂರನೆಯ ಸುತ್ತಿನಲ್ಲಿ ಏನೇನಾಯಿತೆಂದು ಆಮೇಲೆ ಯಾರು ಕೇಳಿದರೂ ಅವಳು ಹೇಳಲಾರಳು. ಎರಡು ಸಲ ಗೂಬೆ ಗೆದ್ದೇಬಿಟ್ಟಿತೆಂದು ಜನ ಎದ್ದು ನಿಂತದ್ದು, ರೆಫ್ರಿಯ ಕೈ ನೆಲ ತಟ್ಟುವುದರೊಳಗೆ ಇದ್ದಿಲುಗಾರ ಭುಜ ಎತ್ತಿದ್ದು ನೆನಪಿದೆ. ಆಮೇಲೆ ಇದ್ದಿಲುಗಾರ ಗೂಬೆಯ ಸೊಂಟಕ್ಕೆ ಎರಡೂ ತೋಳು ಸುತ್ತಿ, ಕಾಲು ಮೇಲೆ ತಲೆ ಕೆಳಗೆ ಎತ್ತಿ ಹಿಡಿದ. ಎದುರಾಳಿಯ ತಲೆಯನ್ನು ಒನಕೆಯ ಹಾಗೆ ನೆಲಕ್ಕೆ ಕುಟ್ಟುವ ಪಟ್ಟು ಅದು. ನಿಯಮದಲ್ಲಿಲ್ಲ, ಹಾಕಿದವನು ಆಟದಿಂದ ಹೊರಗೆ. ರೆಫ್ರಿ ಓಡಿ ಬಂದು ಬೇಡ ಬೇಡ ಎಂದು ಕೈಯಾಡಿಸಿದ. ಇದ್ದಿಲುಗಾರ ಸುತ್ತಲೂ ನೋಡಿದ, ಕುಟ್ಟಲೇ ಎಂದು ಜನರನ್ನು ಕೇಳುವವನಂತೆ. ಇಡೀ ಅಖಾಡ ಉಸಿರು ಹಿಡಿದು ಮೌನವಾಯಿತು.

ಆ ಮೌನದಲ್ಲಿ ಸೆನಾಯ್ದಾ ಎದ್ದು ನಿಂತು ಕೂಗಿಬಿಟ್ಟಳು.

“ನಿಕಾನೋರ್!”

ತನ್ನದೇ ಧ್ವನಿ ತಗಡಿನ ಚಾವಣಿಗೆ ಬಡಿದು ಹಿಂದಕ್ಕೆ ಬಂದಾಗ ಅವಳಿಗೆ ಅರಿವಾಯಿತು. ಬಾಯಿಗೆ ಕೈ ಅಡ್ಡ ಹಿಡಿದಳು. ದೋನ್ಯಾ ಪೋಲಿ ಬೀಜ ಜಗಿಯುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿದಳು. “ಅಯ್ಯೋ ಮಗಳೇ,” ಎಂದಳು ಮೆಲ್ಲಗೆ. “ಹೆಸರು ಹೇಳ್ಬಿಟ್ಯಲ್ಲೇ.”

ಹಿಂದಿದ್ದ ಗಂಡಸಿಗೆ ಅಷ್ಟು ಸಾಕಾಯಿತು. “ಗೂಬೆ ಹೆಂಡ್ತಿ ಕಣ್ರೋ! ನಿಕಾನೋರ್ ಅಂತೆ!” ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಸೋಲುತ್ತಿರುವವನಿಗೆ ಧೈರ್ಯ ತುಂಬಲೆಂದು ಕಾಲು ಬಡಿಯುತ್ತ ಶುರುಮಾಡಿದ. “ನಿ-ಕಾ-ನೋರ್! ನಿ-ಕಾ-ನೋರ್!” ಒಂದು ಸಾಲು ಹಿಡಿಯಿತು, ಮತ್ತೊಂದು ಹಿಡಿಯಿತು. ಒಣಹುಲ್ಲಿಗೆ ಬೆಂಕಿ ಬಿದ್ದಂತೆ ಹೆಸರು ಗ್ಯಾಲರಿಯಿಂದ ಕೆಳಗಿಳಿದು, ಅಖಾಡವನ್ನು ಸುತ್ತಿ, ಎದುರಿನ ಗ್ಯಾಲರಿಯನ್ನು ಏರಿತು.

ತಲೆಕೆಳಗಾಗಿ ನೇತಾಡುತ್ತಿದ್ದ ಗೂಬೆ ಆ ಕೂಗಿಗೆ ಕತ್ತು ಹೊರಳಿಸಿತೋ ಇಲ್ಲವೋ, ಅವಳಿಗೆ ಕಾಣಲಿಲ್ಲ. ಏಕೆಂದರೆ ಅದೇ ಗಳಿಗೆಯಲ್ಲಿ ಅವಳ ಕಣ್ಣು ಬೇರೆಡೆ ನೆಟ್ಟಿತ್ತು. ಎರಡು ಸಾಲು ಕೆಳಗೆ, ಬಾಗಿಲ ಬಳಿಯ ಅಂಗಡಿಗಳಲ್ಲಿ ಮಕ್ಕಳಿಗೂ ಕುಡುಕರಿಗೂ ಮಾರುವ ಅಗ್ಗದ ಗೂಬೆ ಮುಖವಾಡ ಹಾಕಿಕೊಂಡು ಒಬ್ಬ ಕೂತಿದ್ದ. ಅಂಥವರು ಹತ್ತಾರು ಮಂದಿ ಇದ್ದರು. ಆದರೆ ಮೊದಲ ಕೂಗು, ಅವಳೊಬ್ಬಳದೇ ಕೂಗು ಬಿದ್ದಾಗ, ಕರೆದರೇ ಎಂಬಂತೆ ಗಕ್ಕನೆ ಹಿಂದಿರುಗಿ ನೋಡಿದವನು ಅವನೊಬ್ಬನೇ. ಕತ್ತು ತಿರುಗಿಸಲಿಲ್ಲ, ಕತ್ತು ನೋಯುವವರು ತಿರುಗುವಂತೆ ಸೊಂಟದಿಂದ ಇಡೀ ಮೈ ತಿರುಗಿಸಿದ. ಬಲಗೈ ಮಡಿಲಲ್ಲಿ ಮಲಗಿದ ಹಾಗಿತ್ತು.

ಕೆಳಗೆ ಧಡ್ ಎಂದು ಸದ್ದಾಯಿತು. ಇದ್ದಿಲುಗಾರ ತಲೆ ಕುಟ್ಟಿರಲಿಲ್ಲ. ಬೆನ್ನ ಮೇಲೆ ಕೆಡವಿ, ಮೇಲೆ ಬಿದ್ದು, ಕಾಲು ಮಡಿಸಿ ಹಿಡಿದಿದ್ದ. ರೆಫ್ರಿ ನೆಲ ತಟ್ಟಿದ. ಜನ ಜೊತೆಯಲ್ಲಿ ಎಣಿಸಿದರು. ಮೂರಕ್ಕೆ ಗೂಬೆಯ ಭುಜ ಏಳಲಿಲ್ಲ.

ಸೆನಾಯ್ದಾ ಜನರ ಮಂಡಿಗಳನ್ನು ತಳ್ಳಿಕೊಂಡು ಎರಡು ಸಾಲು ಇಳಿದು ಅವನ ಪಕ್ಕದಲ್ಲಿ ಕುಸಿದಳು. ಅಗ್ಗದ ಬಟ್ಟೆಯ ತೂತುಗಳೊಳಗಿಂದ ಅವಳಿಗೆ ಚೆನ್ನಾಗಿ ಗೊತ್ತಿದ್ದ ಎರಡು ಕಣ್ಣು ಅವಳನ್ನು ನೋಡಿದವು.

“ಮಾತಾಡಬೇಡ,” ಎಂದ ನಿಕಾನೋರ್. “ಜನ ನೋಡ್ತಾರೆ.”

“ಒಳಗಿರೋದು ಯಾರು?”

“ಮೆಲ್ಲಗೆ.”

“ಯಾರು ಅಂದೆ!”

“ರುತೀಲಿಯೊ.”

ಮೈದುನ. ನಿನ್ನೆಯವರೆಗೂ ಹಳ್ಳಿಯ ಉತ್ಸವಗಳಲ್ಲಿ ಯಾರದ್ದೋ ಹಳೆಯ ಮುಖವಾಡ ಹಾಕಿ, ಮೊದಲ ಆಟದಲ್ಲೇ ಸೋತು ಬರುತ್ತಿದ್ದ ರುತೀಲಿಯೊ. ಅಣ್ಣನದೇ ಭುಜ, ಅಣ್ಣನದೇ ನಿಲುವು. ಆಡುವುದಿಲ್ಲ ಎಂಬ ಮಾತನ್ನು ನಿಕಾನೋರ್ ಉಳಿಸಿಕೊಂಡಿದ್ದ. ಗೂಬೆ ಹೇಡಿ ಎನಿಸಿಕೊಳ್ಳದಂತೆಯೂ ನೋಡಿಕೊಂಡಿದ್ದ. ತಮ್ಮ ತಾನಾಗಿಯೇ ಕೇಳಿದ್ದನಂತೆ. ಸೋತರೆ ತನ್ನ ಮುಖವನ್ನೇ ತೋರಿಸಿ ತನ್ನ ಹೆಸರನ್ನೇ ಹೇಳುವುದೆಂದೂ ಮಾತಾಗಿತ್ತಂತೆ. ಸೋತ ಮುಖವೂ ಹೆಸರಿಗೆ ಬರುತ್ತದೆ. ಮೇಲಿನ ಆಟಗಳಿಗೆ ಕರೆಯುತ್ತಾರೆ. ಅಣ್ಣನ ಹೆಸರು ಯಾರಿಗೂ ತಿಳಿಯದೆ ಉಳಿಯುತ್ತದೆ. ಇಷ್ಟನ್ನೂ ಅವನು ಅವಳ ಕಿವಿಯ ಬಳಿ, ಅಗ್ಗದ ಬಟ್ಟೆ ಉಸಿರಿಗೆ ಉಬ್ಬಿ ಇಳಿಯುತ್ತಿರುವಂತೆ, ಒಂದೇ ಸಮನೆ ಹೇಳಿದ.

“ಕಿವಿ ಕೆರ್ಕೊಂಡ,” ಎಂದಳು ಅವಳು.

ಅವನು ಮುಖವಾಡದ ಅಂಚನ್ನು ಕೆಳಗೆಳೆದುಕೊಂಡ.

“ಅದನ್ನೂ ಹೇಳ್ಕೊಟ್ಯಾ ಅವನಿಗೆ?”

“ನೀನೇನಾದ್ರೂ ಬಂದ್ಬಿಟ್ರೆ... ಹೆದರಬಾರದು ಅಂತ.”

“ಅದಕ್ಕೇ ಹೆದರಿದ್ದು ಕಣೋ! ನೀನೇ ಅಂತ ಅದಕ್ಕೇ ನಂಬಿದ್ದು!” ಅಳು ಬರುತ್ತಿದೆಯೋ ಸಿಟ್ಟೋ ತಿಳಿಯಲಿಲ್ಲ. “ನೀನ್ಯಾಕೆ ಬಂದೆ ಇಲ್ಲಿಗೆ? ಮನೇಲಿ ಸಾಯಬಾರದಿತ್ತಾ?”

“ಒಂದ್ಸಲನಾದ್ರೂ ನೀನು ಕೂರೋ ಜಾಗದಿಂದ ನೋಡೋಣ ಅನ್ನಿಸ್ತು, ಮುದುಕಿ,” ಎಂದ. “ನೀನು ಬರಲ್ಲ ಅಂದ್ಕೊಂಡಿದ್ದೆ.”

ನಾನು ಕೂಗದೇ ಇದ್ದಿದ್ದರೆ ರುತೀಲಿಯೊ ಗೆಲ್ಲುತ್ತಿದ್ದನೇ ಎಂದು ಕೇಳಲು ಬಾಯಿ ತೆರೆದಳು. ಕೇಳಲಿಲ್ಲ. ಸೋಲು ಗೆಲುವು ಎಲ್ಲಿ ತೀರ್ಮಾನವಾಗುತ್ತದೆ, ಅಖಾಡದೊಳಗೋ ಅದಕ್ಕೂ ಮೊದಲೋ ಎಂಬುದನ್ನು ಅವನು ಹಾಸಿಗೆಯಲ್ಲಿಯೂ ಹೇಳಿದವನಲ್ಲ. ಕುಸ್ತಿಯವರು ಹೆಂಡತಿಗೆ ಹೇಳದ ಒಂದೇ ಮಾತು ಅದು.

ಕೆಳಗೆ ಗೂಬೆ ಮಂಡಿಯೂರಿತ್ತು. ಇದ್ದಿಲುಗಾರ ಈಗ ದುಷ್ಟನಾಗಿರಲಿಲ್ಲ. ಬಗ್ಗಿ, ಹಸುಗೂಸಿನ ಟೋಪಿ ಬಿಚ್ಚುವವನಂತೆ ಎಚ್ಚರದಿಂದ ಹಿಂದಿನ ದಾರ ಸಡಿಲಿಸಿದ. ಜನರು ಕಾಲು ಬಡಿಯುವುದನ್ನು ನಿಲ್ಲಿಸಿರಲಿಲ್ಲ. ನಿ-ಕಾ-ನೋರ್. ನಿ-ಕಾ-ನೋರ್. ಬೂದು ಬಟ್ಟೆ ಮೇಲೇರಿತು. ಗದ್ದ, ಬಾಯಿ, ರಕ್ತ ಒಸರುವ ಹುಬ್ಬು. ರುತೀಲಿಯೊ ಬೆಳಕಿಗೆ ಕಣ್ಣು ಮಿಟುಕಿಸಿದ.

“ಇಷ್ಟು ಎಳೇವ್ನಾ!” ಎಂದು ಮೇಲಿನಿಂದ ದೋನ್ಯಾ ಪೋಲಿಯ ಧ್ವನಿ. “ತೊಟ್ಟಿಲಲ್ಲೇ ಕುಸ್ತಿ ಶುರು ಮಾಡಿದ್ನಾ ಇವನು?” ಹಾಗೆಂದವಳೇ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ದುಷ್ಟರ ಪಕ್ಷದವಳಾದರೂ ಮುಖ ಬಿಚ್ಚುವಾಗ ಅಳುವುದು ವಾಡಿಕೆ.

ಹೆಸರು ಕೂಗುವವನು ಮೈಕನ್ನು ಅವನ ಬಾಯಿಗೆ ಹಿಡಿದ. ಸೋತವನು ಹೆಸರು, ಊರು, ಎಷ್ಟು ವರ್ಷದಿಂದ ಆಡುತ್ತಿದ್ದೇನೆ ಎಂದು ಹೇಳಬೇಕು. ಸಭೆ ಮೌನವಾಯಿತು. ರುತೀಲಿಯೊ ಬಾಯಿ ತೆರೆದು, ಮುಚ್ಚಿದ. ಸುತ್ತಲಿನ ಅಷ್ಟು ಮುಖಗಳನ್ನು ನೋಡಿದ. ಅವೆಲ್ಲಕ್ಕೂ ಆಗಲೇ ಗೂಬೆಯ ಹೆಸರು ತಿಳಿದಿತ್ತು. ಅವರ ಬಾಯಲ್ಲಿ ಆ ಹೆಸರು ಇನ್ನೂ ಬಿಸಿಯಾಗಿತ್ತು. ಈಗ ಅವನು ಬೇರೆ ಹೆಸರು ಹೇಳಿದರೆ, ಇವನು ಗೂಬೆಯೇ ಅಲ್ಲ, ಮೋಸ ಎಂದು ಕುರ್ಚಿಗಳು ಹಾರಿ ಬರುತ್ತಿದ್ದವು.

ಸೆನಾಯ್ದಾಳಿಗೆ ಅದು ಹೊಳೆದದ್ದೂ ಆಗಲೇ. ಅವಳು ಗಂಡನ ಮೊಣಕೈ ಹಿಡಿದಳು.

“ನಾನು ನಿಕಾನೋರ್ ಕುವಾಪಿಯೊ,” ಎಂದ ರುತೀಲಿಯೊ. “ಕೊಂತ್ಲಾ ಊರಿನವನು. ಆಡೋಕೆ ಶುರು ಮಾಡಿ... ಹದಿನೆಂಟು ವರ್ಷ ಆಯ್ತು.”

ಚಪ್ಪಾಳೆ ಎದ್ದಿತು. ಎಂಥ ಚಪ್ಪಾಳೆ! ಗ್ಯಾಲರಿಯ ಹಲಗೆಗಳು ಅದುರಿದವು. ಬೈದವರು, ಉಗಿದವರು, ಗೂಬೆಯ ಕಡೆಯವರು, ಇದ್ದಿಲಿನ ಕಡೆಯವರು, ಎಲ್ಲ ಎದ್ದು ನಿಂತು ಹದಿನೆಂಟು ವರ್ಷಕ್ಕೆ ಚಪ್ಪಾಳೆ ತಟ್ಟಿದರು. ನಿಕಾನೋರ್ ಕೂಡ ಎದ್ದ. ಎಡಗೈಯಿಂದ ಮರಗಟ್ಟಿದ ಬಲಗೈಯನ್ನು ತಟ್ಟಿದ. ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ಬಟ್ಟೆಯ ಮೇಲಿನಿಂದ ತಿಳಿಯುವಂತಿರಲಿಲ್ಲ; ಮುಖವಾಡ ಇರುವುದೇ ಅದಕ್ಕೆ.

ಹೊರಗೆ ಬಾಗಿಲ ಬಳಿ ಜಂಗುಳಿ ಕರಗುತ್ತಲೇ ಇರಲಿಲ್ಲ. ತೋರ್ತಾ ಬ್ರೆಡ್ಡು ಕಾಯಿಸುವ ಹೊಗೆಯ ನಡುವೆ, ಹುಬ್ಬಿಗೆ ಪಟ್ಟಿ ಹಾಕಿಸಿಕೊಂಡ ರುತೀಲಿಯೊ ಬರಿಮುಖದಲ್ಲಿ ನಿಂತಿದ್ದ. ಹೆಂಗಸರು ಅವನ ಕೆನ್ನೆ ಮುಟ್ಟುತ್ತಿದ್ದರು. “ಎಷ್ಟು ಚೆನ್ನಾಗಿದಾನೆ, ಯಾಕಪ್ಪ ಇಷ್ಟು ದಿನ ಮುಚ್ಚಿಟ್ಟಿದ್ದೆ!” ಎನ್ನುತ್ತಿದ್ದರು. ಹುಡುಗರು ಭಿತ್ತಿಪತ್ರ ಚಾಚಿ ಸಹಿ ಕೇಳುತ್ತಿದ್ದರು. ಅವನು ತಲೆ ಎತ್ತದೆ ಬರೆಯುತ್ತಿದ್ದ.

“ಬಾ, ಹೋಗೋಣ,” ಎಂದಳು ಸೆನಾಯ್ದಾ. ನಿಕಾನೋರ್ ಕೇಳಿಸಿಕೊಳ್ಳಲಿಲ್ಲ. ನೆಲದಲ್ಲಿ ಬಿದ್ದಿದ್ದ ಒಂದು ಭಿತ್ತಿಪತ್ರ ಎತ್ತಿ, ಬೂಟಿನ ಗುರುತು ಒರೆಸಿ, ಹುಡುಗರ ಸಾಲಿನಲ್ಲಿ ಹೋಗಿ ನಿಂತುಬಿಟ್ಟ. ಅವಳು ಅವನ ಬೆನ್ನ ಹಿಂದೆ ನಿಂತಳು. ಈಗೇನು ಮಾಡುತ್ತಾನೆ? ಹೊಡೆಯುತ್ತಾನೆಯೇ? ಎಲ್ಲರ ಎದುರು ಮುಖವಾಡ ಕಿತ್ತು, ನಾನಯ್ಯ ನಿಕಾನೋರ್ ಎನ್ನುತ್ತಾನೆಯೇ? ಎಂದರೆ ಯಾರು ನಂಬುತ್ತಾರೆ?

ಸರದಿ ಬಂತು. ರುತೀಲಿಯೊ ಕಾಗದ ತೆಗೆದುಕೊಂಡು, ಇನ್ನೂ ತಲೆ ಬಗ್ಗಿಸಿಕೊಂಡೇ, “ಯಾರ ಹೆಸರಿಗೆ ಬರೀಲಿ ಅಣ್ಣಾ?” ಎಂದ. ಸಹಿ ಕೇಳಿದ ಎಲ್ಲ ಗಂಡಸರನ್ನೂ ಅವನು ಹಾಗೆಯೇ ಕರೆಯುತ್ತಿದ್ದ.

“ರುತೀಲಿಯೊ,” ಎಂದ ನಿಕಾನೋರ್.

ಪೆನ್ನು ನಿಂತಿತು. ರುತೀಲಿಯೊ ಮೆಲ್ಲಗೆ ಮೇಲೆ ನೋಡಿದ. ಅಗ್ಗದ ಗೂಬೆ ಅವನನ್ನು ನೋಡುತ್ತಿತ್ತು. ಅದರ ಹಿಂದೆ ಅತ್ತಿಗೆ.

“ನಾನು ಹೇಳ್ಬೇಕು ಅಂತ ಇರ್ಲಿಲ್ಲ,” ಎಂದ ಪಿಸುಮಾತಿನಲ್ಲಿ. “ಆಗ್ಲೇ ಎಲ್ರೂ ಕೂಗ್ತಿದ್ರು. ಅತ್ತಿಗೆ ನೀವೇ...”

“ಬರೀ ಬರೀ, ಹಿಂದೆ ಜನ ಕಾಯ್ತಿದಾರೆ,” ಎಂದ ನಿಕಾನೋರ್. ಧ್ವನಿಯಲ್ಲಿ ಸಿಟ್ಟಿತ್ತೋ ಅಕ್ಕರೆಯಿತ್ತೋ. “ಚೆನ್ನಾಗಿ ಆಡ್ದೆ. ಹಗ್ಗ ದಾಟೋವಾಗ ಎಡಗಾಲು ಮೊದಲಿಡು ಅಂದಿದ್ದೆ. ಮರೆತೆ.”

“ಮರೆತೆ,” ಎಂದು ರುತೀಲಿಯೊ ಒಪ್ಪಿಕೊಂಡ. ಬರೆದು ಕೊಟ್ಟ. ಹಿಂದಿನ ಹುಡುಗ ನುಗ್ಗಿ ಮುಂದೆ ಬಂದ.

ಕೊಂತ್ಲಾ ಕಡೆಯ ವ್ಯಾನಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಸೆನಾಯ್ದಾ ಕಾಗದವನ್ನು ಬೀದಿದೀಪಗಳ ಬೆಳಕಿಗೆ ಹಿಡಿದು ಓದಿದಳು. ‘ರುತೀಲಿಯೊಗೆ, ಪ್ರೀತಿಯಿಂದ, ನಿಕಾನೋರ್.’ ಮಡಚಿ ಶಾಲಿನೊಳಗಿಟ್ಟುಕೊಂಡಳು. ಪಕ್ಕದಲ್ಲಿ ಗಂಡನಿದ್ದ, ಕತ್ತು ಇದ್ದ ಹಾಗೇ ಇತ್ತು, ಕಾಲು ಅಲ್ಲಾಡುತ್ತಿತ್ತು. ಬೆಳಗಿನಿಂದ ಅವಳು ಬೇಡಿಕೊಂಡದ್ದೆಲ್ಲ ಇಷ್ಟೇ. ಆದರೂ ಎಲ್ಲೋ ಏನೋ ಬಿಟ್ಟು ಬಂದ ಹಾಗೆ ಮತ್ತೆ ಮತ್ತೆ ಸೀಟಿನ ಮೇಲೆ ಕೈಯಾಡಿಸಿದಳು.

“ತೆಗಿ ಅದನ್ನ, ಸೆಖೆ,” ಎಂದಳು.

“ಇಲ್ಲಿ ಬೇಡ,” ಎಂದ ಅವನು, ಎಂದಿನಂತೆ. ಆಮೇಲೆ ಕೈಯೆತ್ತಿ ಮುಖವಾಡವನ್ನು ಎಳೆದು ತೆಗೆದ. ನೆರೆತ ಮುಂದಲೆ ಬೆವರಿಗೆ ಅಂಟಿತ್ತು. ವ್ಯಾನಿನಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.

ಮುಂದಿನ ಸೀಟಿನವನು ಅವನ ಕೈಯಲ್ಲಿದ್ದ ಬಟ್ಟೆ ಕಂಡು ಮಾತಿಗಿಳಿದ. “ಅಖಾಡಕ್ಕೆ ಹೋಗಿದ್ರಾ? ನಂಗೆ ರಜಾನೇ ಸಿಗ್ಲಿಲ್ಲ ಮಾರಾಯ್ರೆ. ಮುಖ ಬಿಚ್ಚಿದ್ನಂತಲ್ಲ ಗೂಬೆ? ಯಾರಂತೆ?”

“ಯಾರೋ ನಿಕಾನೋರ್ ಅಂತೆ,” ಎಂದ ನಿಕಾನೋರ್. “ನಮ್ಮೂರಿನವನೇ.”

“ಹೌದಾ! ಹೇಗೆ ಆಡ್ದ?”

ನಿಕಾನೋರ್ ಉತ್ತರ ಕೊಡಲು ಹೊರಟು ಅವಳ ಕಡೆ ನೋಡಿದ, ಗೊತ್ತಿಲ್ಲದ್ದನ್ನು ಗೊತ್ತಿದ್ದವರನ್ನು ಕೇಳುವವನಂತೆ. ಸೆನಾಯ್ದಾ ಅವನ ಬಲಗೈಯನ್ನು ತನ್ನ ಮಡಿಲಿಗೆಳೆದುಕೊಂಡು, ಒಂದೊಂದೇ ಬೆರಳು ಒತ್ತತೊಡಗಿದಳು. ಯಾವ ಗೂಬೆಯ ವಿಷಯ ಹೇಳಬೇಕೆಂದು ಅವಳಿಗೂ ಒಂದು ಗಳಿಗೆ ತೋಚಲಿಲ್ಲ.

“ಇವತ್ತಿಂದು ನಂಗೆ ಸರಿಯಾಗಿ ಕಾಣ್ಲಿಲ್ಲ,” ಎಂದಳು ಕೊನೆಗೆ. “ಮೊದಲೆಲ್ಲ ತುಂಬಾ ಚೆನ್ನಾಗಿ ಆಡ್ತಿದ್ದ.”